ಕೆಂಪುಕಲ್ಲಿನ ಗೋಡೆಗೆ ಉಪ್ಪು ಎದ್ದರೆ ಏನು ಮಾಡಬೇಕು?

ಗೋಡೆಯ ಬುಡದಲ್ಲಿ ಬಿಳಿ ಹುಡಿ ಕಂಡ ಕೂಡಲೇ ಪೈಂಟ್ ಅಂಗಡಿಗೆ ಓಡಬೇಡಿ. ಮೊದಲು ಅಂಗಳಕ್ಕಿಳಿದು ಮನೆಗೆ ಒಂದು ಸುತ್ತು ಹಾಕಿ.

ನಮ್ಮದು ಕುಂದಾಪುರ ಕಡೆಯ ಹಂಚಿನ ಮನೆ. ಕೆಂಪುಕಲ್ಲು, ಮಣ್ಣಿನ ಗಾರೆ, ಮೇಲೆ ಸುಣ್ಣದ ಸಾರಣೆ. ಇಂಥ ಗೋಡೆ ನೆಲದ ನೀರನ್ನು ಹೀರುತ್ತದೆ, ಗಾಳಿಗೆ ಬಿಟ್ಟುಕೊಡುತ್ತದೆ. ನೀರು ಆರಿಹೋಗಿ, ಅದರಲ್ಲಿ ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಕಲೆ ನೆಲದಿಂದ ಎರಡು ಮೂರು ಅಡಿಗೆ ಪಟ್ಟಿಯ ಹಾಗೆ ನಿಂತಿದ್ದರೆ ಅದು ಕೆಳಗಿನಿಂದ ಏರಿದ ಪಸೆ, ಅಂದರೆ ತೇವ. ಮೇಲಿನಿಂದ ಇಳಿದಿದ್ದರೆ ಹಂಚು ಅಥವಾ ಮಾಡಿನ ನೀರು ಹರಿಯುವ ದಂಬೆ ನೋಡಿ. ಬಚ್ಚಲ ಗೋಡೆಯಲ್ಲಿ ಮಾತ್ರ ಇದ್ದರೆ ಪೈಪ್. ಬಿಳಿ ಇರುವುದೆಲ್ಲ ಉಪ್ಪೂ ಅಲ್ಲ. ಚೂರು ಕೆರೆದು ನೀರಿಗೆ ಹಾಕಿ, ಕರಗದಿದ್ದರೆ ಬೂಷ್ಟೋ ಸುಣ್ಣದ ಹುಡಿಯೋ ಇರಬೇಕು.

ಈಗ ನಮ್ಮ ಕಡೆ ಜಾಸ್ತಿ ತೊಂದರೆ ಕೊಡುವುದು ಇಂಟರ್‌ಲಾಕ್, ಅಂದರೆ ಅಂಗಳಕ್ಕೆ ಹಾಸುವ ಸಿಮೆಂಟ್ ಬಿಲ್ಲೆ. ಅಂಗಳಕ್ಕೆ ಮಣ್ಣು ತುಂಬಿ ಎತ್ತರಿಸಿ ಇಂಟರ್‌ಲಾಕ್ ಹಾಕಿಸುತ್ತಾರೆ. ಚಂದ ಕಾಣುತ್ತದೆ, ನಿಜ. ಆದರೆ ಮಳೆನೀರೆಲ್ಲ ಗೋಡೆಯ ಬುಡಕ್ಕೇ ಬರುತ್ತದೆ ಅಲ್ವಾ? ಗೋಡೆಯಿಂದ ಒಂದೂವರೆ ಅಡಿ ಅಗಲಕ್ಕೆ ಅದನ್ನು ಎಬ್ಬಿಸಿ. ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಾಗುವಷ್ಟು ಮಣ್ಣು ತೆಗೆದು, ಹೊರಗೆ ಇಳಿಜಾರು ಕೊಟ್ಟು ಜಲ್ಲಿ ಹಾಕಿ. ಆದರೆ ಅಡಿಪಾಯದ ಕಲ್ಲು ಬಯಲಾಗುವಷ್ಟು ಆಳಕ್ಕೆ ಅಗೆಯಬೇಡಿ. ಮಳೆಗಾಲಕ್ಕೆ ಪಡುವಣ ಗೋಡೆಗೆ ಮಡಲಿನ (ತೆಂಗಿನ ಗರಿಯ) ತಟ್ಟಿ ಕಟ್ಟುವುದನ್ನೂ ಬಿಡಬೇಡಿ. ಶೀಟಾದರೂ ಆದೀತು, ಗೋಡೆಗೆ ತಾಗದಿರಲಿ.

ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಪೇಪರ್ ಹಾಸಿ ಹುಡಿಯನ್ನು ದೂರ ಚೆಲ್ಲಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ವಾಟರ್‌ಪ್ರೂಫ್ ಸಿಮೆಂಟ್ ಸಾರಣೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ಮೇಸ್ತ್ರಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಸ್ವಲ್ಪ ದಿನ ಚೆನ್ನಾಗೇ ಕಾಣುತ್ತದೆ. ಆಮೇಲೆ ಆರಲು ದಾರಿ ಸಿಗದ ನೀರು ಸಿಮೆಂಟಿನ ಹಿಂದೆ ಹತ್ತಿ, ಅದು ಮುಗಿಯುವಲ್ಲಿ ಹೊರಗೆ ಬರುತ್ತದೆ. ಟೈಲ್ಸ್ ಅಂಟಿಸಿದರೂ ಅಷ್ಟೇ. ಹಾಳಾದ ಸಾರಣೆಯನ್ನು ಕಲೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಮಳೆ ಬಿಟ್ಟ ಮೇಲೆ ಬೇಸಗೆಯವರೆಗೂ ಗೋಡೆಯನ್ನು ಹಾಗೇ ಬಿಡಿ. ಒಂದು ಇಂಚು ದಪ್ಪ ಆರಲು ಸುಮಾರು ಒಂದು ತಿಂಗಳು ಬೇಕು ಅಂತ ಲೆಕ್ಕ, ಅವಸರ ಮಾಡಿ ಲಾಭವಿಲ್ಲ. ಹೊಸ ಸಾರಣೆಗೆ ಒಂದು ಪಾಲು ಸುಣ್ಣ, ಮೂರು ಪಾಲು ಹೊಯ್ಗೆ (ಮರಳು). ಹೊಯ್ಗೆ ಸಿಹಿನೀರಿನ ಹೊಳೆಯದ್ದೇ ಆಗಬೇಕು. ಹೊಳೆ ಸಮುದ್ರ ಸೇರುವ ಅಳಿವೆಯ ಹೊಯ್ಗೆ ತಂದರೆ ಉಪ್ಪನ್ನು ನಾವೇ ದುಡ್ಡು ಕೊಟ್ಟು ತಂದ ಹಾಗೆ. ಕೆಲಸ ಮಾಡುವವರ ಕಣ್ಣಿಗೆ ಸುಣ್ಣ ಹಾರದಂತೆ ಕನ್ನಡಕ ಇರಲಿ. ಕೊನೆಗೆ ತೆಳುವಾಗಿ ಎರಡು ಮೂರು ಸಲ ಸುಣ್ಣ ಬಳಿಯಿರಿ, ಪ್ಲಾಸ್ಟಿಕ್ ಪೈಂಟ್ ಬೇಡ.

ಹಿಂದೆ ಹಟ್ಟಿಯಾಗಿದ್ದ ಕೋಣೆಗೆ ಇಷ್ಟು ಸಾಲುವುದಿಲ್ಲ. ವರ್ಷಗಟ್ಟಲೆ ದನದ ಗಂಜಲ ಹೀರಿದ ಗೋಡೆಯಲ್ಲಿ ನೈಟ್ರೇಟ್ ಉಪ್ಪು ತುಂಬಿರುತ್ತದೆ. ಅದು ಗಾಳಿಯ ಪಸೆಯನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಸೋರುವುದೆಲ್ಲ ನಿಂತರೂ ಆಷಾಢದಲ್ಲಿ ಗೋಡೆ ಒದ್ದೆಯಾಗುತ್ತದೆ. ಹಳೇ ಪೇಪರನ್ನು ಒಳ್ಳೆ ನೀರಿನಲ್ಲಿ ನೆನೆಸಿ, ಮುದ್ದೆ ಮಾಡಿ ಗೋಡೆಗೆ ಮೆತ್ತಿ. ಒಣಗುವಾಗ ಅದು ಉಪ್ಪನ್ನು ಎಳೆಯುತ್ತದೆ, ಆಗ ಕಿತ್ತು ಎಸೆಯಿರಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಪೂರ್ತಿ ಹೋಗುವುದೂ ಇಲ್ಲ, ಕೆಲವು ವರ್ಷಕ್ಕೊಮ್ಮೆ ಅಲ್ಲಿನ ಸಾರಣೆ ಬದಲಿಸಬೇಕಾದೀತು. ಆ ಗೋಡೆಗೆ ಒತ್ತಿಕೊಂಡು ಕಪಾಟು, ಅಕ್ಕಿ ಮೂಟೆ ಇಡಬೇಡಿ.