ಮೂರು ದೋಣಿಗೆ ಎರಡೇ ಕಾಲು

ಸಾವಯವ ತೋಟ, ತೋಟದ ಬರಹ, ದುಡ್ಡು ತಗೊಂಡು ಮಾಡುವ ಭಾಷಣ. ಮೂರೂ ಒಬ್ಬರ ಕೈಲಿ ಆಗಲ್ಲ, ಒಂದು ಬಿಡು ಅಂತ ಹೇಳಿದವರೇ ಜಾಸ್ತಿ. ಮೊದಲ ನಾಲ್ಕು ವರ್ಷ ಅವರ ಮಾತೇ ನಿಜವಾಯಿತು. ಈಗ ಮೂರು ವರ್ಷದಿಂದ ಮೂರೂ ನಡೆಯುತ್ತಿವೆ, ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಪೆಟ್ಟು ಬಿದ್ದಿದ್ದು ಟೊಮೆಟೊದಲ್ಲಿ. ಸಸಿ ನೆಟ್ಟ ಮೂರನೇ ದಿನಕ್ಕೇ ಒಂದು ಭಾಷಣ ಒಪ್ಪಿಕೊಂಡೆ. ಹನಿ ನೀರಾವರಿಗೆ ಟೈಮರ್ ಇದೆಯಲ್ಲ ಅನ್ನೋ ಧೈರ್ಯ. ಎರಡು ದಿನ ಬಿಟ್ಟು ಬಂದರೆ ಟೈಮರ್ ಬ್ಯಾಟರಿ ಸತ್ತಿತ್ತು. 200 ಸಸಿಯಲ್ಲಿ 150 ಆದರೂ ಕುತ್ತಿಗೆ ಬಗ್ಗಿಸಿ ಮಲಗಿದ್ದವು. ಅವತ್ತು ನಾನು ಮಾತಾಡಿದ್ದು ನೀರು ಉಳಿಸೋದು ಹೇಗೆ ಅಂತ. ನೀರೇನೋ ಉಳಿದಿತ್ತು!

ಆ ಭಾಷಣಕ್ಕೆ ಸಿಕ್ಕಿದ್ದು ಬರೀ ಹೋಗಿಬರುವ ಖರ್ಚು. ಒಂದು ಗಂಟೆ ಮಾತಲ್ವಾ ಅಂತ ಕರೆಯುವವರಿಗೆ ಅನ್ನಿಸುತ್ತೆ. ನಾನು ಬರೆದಿಟ್ಟು ನೋಡಿದೆ. ತಯಾರಿಗೆ ಒಂದು ದಿನ, ಪ್ರಯಾಣ ಮತ್ತು ಮಾತಿಗೆ ಒಂದು ದಿನ, ಮರುದಿನ ಕಳೆ ಕೀಳೋಕೂ ಕೈ ಏಳದ ಅರ್ಧ ದಿನ. ಈಗ ಆ ಎರಡೂವರೆ ದಿನವನ್ನು ಮೂರು ಅಂತ ಹಿಡಿದು, ಮೂರು ದಿನದ ತರಕಾರಿ ಮಾರಾಟದ ಎರಡರಷ್ಟು ಕೇಳುತ್ತೇನೆ. ಅರ್ಧ ಮುಂಗಡ. ಹತ್ತು ಜನ ಕರೆದರೆ ನಾಲ್ಕು ಜನ ಅಲ್ಲೇ ಹಿಂದೆ ಸರಿಯುತ್ತಾರೆ. ಸರಿಯಲಿ. ಒಂದು ಕಡೆ ಭರ್ಜರಿ ಚಪ್ಪಾಳೆ ಹೊಡೆದು ಕಳಿಸಿದರು, ದುಡ್ಡು ಇವತ್ತಿಗೂ ಬಂದಿಲ್ಲ. ಸ್ವಲ್ಪ ಕಡಿಮೆ ಮಾಡಿ ಅಂದಾಗ ಹೇಳೋಕೆ ನನ್ನ ಹತ್ತಿರ ಒಂದು ಮಾತಿದೆ. ಇಲ್ಲಿ ಬರೆದರೆ ನಾಳೆಯಿಂದ ಅದು ಕೆಲಸ ಮಾಡಲ್ಲ.

ಕೊನೆಗೆ ಕೈ ಹಿಡಿದಿದ್ದು ಕೆಲಸದ ಸರದಿ ಬದಲಿಸಿದ್ದು. ಮೊದಲು ಲೇಖನ ಬರೆದು, ಅದನ್ನೇ ಭಾಷಣ ಮಾಡಿ, ಉಳಿದ ಹೊತ್ತಲ್ಲಿ ತೋಟಕ್ಕೆ ಇಳಿಯುತ್ತಿದ್ದೆ. ಈಗ ತೋಟ ಮೊದಲು, ಮಾತು ಆಮೇಲೆ, ಬರಹ ಕೊನೆಗೆ. ಕ್ಯಾಲೆಂಡರಿನಲ್ಲಿ ಬಿತ್ತನೆ, ನಾಟಿ ವಾರಗಳಿಗೆ ಮೊದಲೇ ಕೆಂಪು ಗೆರೆ. ಬೀನ್ಸನ್ನು 15 ದಿನಕ್ಕೊಂದು ಸಣ್ಣ ಮಡಿಯಂತೆ ಬಿತ್ತುತ್ತೇನೆ, ಕೊಯ್ಲೆಲ್ಲ ಒಂದೇ ವಾರಕ್ಕೆ ಬೀಳಲ್ಲ. ಒಂದು ಭಾಷಣದಲ್ಲಿ ಹೆಚ್ಚುಕಡಿಮೆ 20 ಪ್ರಶ್ನೆ ಬರುತ್ತವೆ. ಅದರಲ್ಲಿ ಐದಾರು ಗಟ್ಟಿ ಇರುತ್ತವೆ. ಒಂದೊಂದೂ ಒಂದು ಲೇಖನ. ಕಳೆ ಕೀಳುತ್ತಾ ಉತ್ತರವನ್ನು ಮೊಬೈಲಿಗೆ ಹೇಳಿಕೊಳ್ಳುತ್ತೇನೆ, ರಾತ್ರಿ ಕೂತು ಬರೆಯುತ್ತೇನೆ.

ಭಾಷಣಕ್ಕೆ ಸ್ಲೈಡು ಬಿಟ್ಟು ಎರಡು ಡಬ್ಬ ಒಯ್ಯೋಕೆ ಶುರುಮಾಡಿದ್ದೂ ಆಗಲೇ. ಒಂದರಲ್ಲಿ ಹಸಿ ಸೊಪ್ಪೇ ಜಾಸ್ತಿಯಾಗಿ ಕೆಟ್ಟ ಕಾಂಪೋಸ್ಟ್. ಮುಚ್ಚಳ ತೆಗೆದರೆ ಅಮೋನಿಯಾ ಮೂಗಿಗೆ ಹೊಡೆಯುತ್ತೆ. ಇನ್ನೊಂದರಲ್ಲಿ ಒಣಗಿದ ಎಲೆ ಸೇರಿಸಿ ಸರಿಯಾಗಿ ಕಳಿತಿದ್ದು, ಮಳೆ ಬಿದ್ದ ಮಣ್ಣಿನ ವಾಸನೆ. ಎರಡನ್ನೂ ಸಾಲಿನಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ. ಕಾಂಪೋಸ್ಟಿಗೆ ಹಾಕೋದರಲ್ಲಿ ಇಂಗಾಲ (ಒಣ ಎಲೆಯಲ್ಲಿ ಜಾಸ್ತಿ), ಸಾರಜನಕ (ಹಸಿ ಸೊಪ್ಪಲ್ಲಿ ಜಾಸ್ತಿ) 25-30ಕ್ಕೆ 1 ಇರಬೇಕು ಅಂತ ಸ್ಲೈಡಲ್ಲಿ ತೋರಿಸುತ್ತಿದ್ದಾಗ ಮುಂದಿನ ಸಾಲಿನವರೇ ತೂಕಡಿಸುತ್ತಿದ್ದರು. ಡಬ್ಬ ಮೂಸಿದ ಮೇಲೆ ಯಾರೂ ಮಲಗಿಲ್ಲ. ಎರಡನೇ ಡಬ್ಬಕ್ಕೆ ನಾನು ಹಾಕುವ ಇನ್ನೊಂದು ಹಿಡಿ ಏನು ಅನ್ನೋದು ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಒಂದು ಮಡಿಗೆ ಒಂದು ಇಂಚು ಒಣ ಹುಲ್ಲಿನ ಹೊದಿಕೆ, ಪಕ್ಕದ್ದಕ್ಕೆ ನಾಲ್ಕು ಇಂಚು. ದಪ್ಪ ಹೊದಿಕೆಯಲ್ಲಿ ಕಳೆ ಕಾಲು ಭಾಗಕ್ಕಿಳಿಯಿತು, ನೀರೂ ಉಳಿಯಿತು. ಆದರೆ ಅದರಡಿ ಬಸವನಹುಳುಗಳು ಸಂಸಾರ ಹೂಡಿ ಎಳೆ ಸಸಿಗಳನ್ನೆಲ್ಲ ಮುಗಿಸಿದವು. ಮತ್ತೆ ಸಸಿ ನೆಟ್ಟು, ಹೊದಿಕೆಯನ್ನು ಕಾಂಡದಿಂದ ನಾಲ್ಕು ಬೆರಳು ದೂರ ಸರಿಸಿದ ಮೇಲೆ ಹಾವಳಿ ತಗ್ಗಿತು. ಈ ಸೋಲಿನ ಕಥೆಯನ್ನೇ ನನ್ನ ಬೇರೆ ಯಾವ ಲೇಖನಕ್ಕಿಂತ ಜಾಸ್ತಿ ಜನ ಓದಿದರು.

ಈಗ ಗಳಿಕೆಯಲ್ಲಿ ಸುಮಾರು ಅರ್ಧ ಭಾಷಣದ್ದು. ಉಳಿದದ್ದರಲ್ಲಿ ಬಹುಪಾಲು ತರಕಾರಿಯದು, ಬರಹದ್ದು ಚಿಲ್ಲರೆ. ಆದರೆ ಕರೆಯುವವರು ಬರಹ ಓದಿಯೇ ಕರೆಯುತ್ತಾರೆ, ಹಾಗಾಗಿ ಅದನ್ನು ಬಿಡೋ ಹಾಗಿಲ್ಲ.

ನಿನ್ನೆ ಒಳ್ಳೆ ದುಡ್ಡಿನ ಒಂದು ಕರೆ ಬಂತು. ಕ್ಯಾಲೆಂಡರ್ ನೋಡಿದರೆ ಟೊಮೆಟೊ ನಾಟಿ ವಾರ. ಆಗಲ್ಲ ಅಂದೆ. ಟೈಮರ್‌ಗೆ ಹೊಸ ಬ್ಯಾಟರಿ ಹಾಕಿದ್ದೇನೆ, ಆದರೂ.