ಯುವನಿಧಿ: ಮೊದಲು ಖಾತೆ, ಆಮೇಲೆ ಅರ್ಜಿ

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮೂರ ಗ್ರಾಮ ಒನ್ ಕೇಂದ್ರಕ್ಕೆ ಬಂದರೆ ಒಂದು ನೋಟ ಖಾಯಂ. ಡಿಗ್ರಿ ಮುಗಿಸಿದ ಹುಡುಗಿ ಹೆಬ್ಬೆರಳನ್ನು ವೇಲಿಗೆ ಒರೆಸಿ ಒರೆಸಿ ಯಂತ್ರದ ಮೇಲೆ ಒತ್ತುತ್ತಿರುತ್ತಾಳೆ. ಸಿಪ್ಪೆಯ ಕಲೆ ಹತ್ತಿ, ಚರ್ಮ ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ. 'ಅರ್ಜಿ ಪಾಸಾಗಿದೆ ಅಂತ ತೋರಿಸ್ತದೆ ಮೇಷ್ಟ್ರೇ, ದುಡ್ಡು ಮಾತ್ರ ಬರೂದಿಲ್ಲ' ಎನ್ನುತ್ತಾಳೆ. ಕೇಳಿದರೆ ಅರ್ಜಿ ಮೊದಲು ಹಾಕಿದ್ದಾಳೆ, ಖಾತೆ ಆಮೇಲೆ ನೋಡಿದ್ದಾಳೆ. ಎಲ್ಲರೂ ಮಾಡುವುದು ಹೀಗೇ, ಎಡವುವುದೂ ಇಲ್ಲೇ.

ಯುವನಿಧಿ ಎಂದರೆ ಓದು ಮುಗಿಸಿಯೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ. ಅದಕ್ಕೆ ನೋಂದಣಿ ಶುರುವಾಗಿದ್ದು 2023ರ ಡಿಸೆಂಬರ್ 26ಕ್ಕೆ. ಚಾಲನೆ ಸಿಕ್ಕಿದ್ದು 2024ರ ಜನವರಿ 12ರಂದು, ನಮ್ಮ ಶಿವಮೊಗ್ಗದಲ್ಲೇ, ಹಳೆ ಜೈಲಿನ ಜಾಗದ ಫ್ರೀಡಂ ಪಾರ್ಕ್‌ನಲ್ಲಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500. ಕೆಲಸ ಸಿಗುವ ತನಕ, ಹೆಚ್ಚೆಂದರೆ ಎರಡು ವರ್ಷ. ಮೊದಲು 2022-23ರಲ್ಲಿ ಪಾಸಾದವರಿಗೆ ಮಾತ್ರ ಇತ್ತು, ನಂತರದ ಸಾಲಿನವರಿಗೂ ವಿಸ್ತರಿಸಿದರು.

ಒಂದು: ನೀವು ಅರ್ಹರೇ?

ಪಾಸಾಗಿ 180 ದಿನ ಕಳೆದಿರಬೇಕು, ಅಷ್ಟೂ ದಿನ ಕೆಲಸ ಇರಬಾರದು. ಎಣಿಸುವಾಗ ಘಟಿಕೋತ್ಸವದ ದಿನದಿಂದ ಎಣಿಸಬೇಡಿ. ಘಟಿಕೋತ್ಸವ ನಡೆಯುವುದು ಫಲಿತಾಂಶ ಬಂದು ಎಷ್ಟೋ ದಿನಗಳ ಮೇಲೆ, ನೀವು ಅದಕ್ಕೆ ಕಾಯಬೇಕಿಲ್ಲ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕು. ಮುಂದೆ ಓದುತ್ತಿರುವವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುತ್ತಿರುವವರಿಗೆ, ಸರ್ಕಾರಿ ಇಲ್ಲವೇ ಖಾಸಗಿ ನೌಕರಿಯಲ್ಲಿ ಇರುವವರಿಗೆ, ಸಾಲ ಪಡೆದು ಸ್ವಂತ ಉದ್ಯೋಗ ಮಾಡುತ್ತಿರುವವರಿಗೆ ಇಲ್ಲ. ಎಂ.ಎ.ಗೆ ಸೇರಿಕೊಂಡು 'ಯಾರಿಗೆ ಗೊತ್ತಾಗ್ತದೆ' ಎಂದು ಅರ್ಜಿ ಹಾಕುವವರಿದ್ದಾರೆ. ಹಾಕಬೇಡಿ. ನೀವು ಕೊಡುವುದು ಘೋಷಣೆ. ಸುಳ್ಳಾದರೆ ದಂಡ ತೆರಬೇಕಾದೀತು.

ಇಲ್ಲಿ ನನ್ನದೊಂದು ತಕರಾರು ಇದೆ. ಅಪ್ಪನ ಒಂದೆಕರೆ ತೋಟದಲ್ಲಿ ಅಡಿಕೆ ಕೊನೆ ಹೊರುವ ಹುಡುಗ ನಿರುದ್ಯೋಗಿಯೋ, ಅಲ್ಲವೋ? ಮಲೆನಾಡಿನ ಅರ್ಧ ಹುಡುಗರು ಕೇಳುವ ಪ್ರಶ್ನೆ ಇದು. ಅವನಿಗೆ ಸಂಬಳ ಇಲ್ಲ, ಪಿ.ಎಫ್. ಇಲ್ಲ, ಪಹಣಿಯಲ್ಲಿ ಹೆಸರೂ ಇಲ್ಲ. 'ಮನೆಯ ಜಮೀನಿನಲ್ಲಿ ಸಂಬಳವಿಲ್ಲದ ದುಡಿಮೆ ಉದ್ಯೋಗವಲ್ಲ' ಎಂದು ಅರ್ಜಿಯಲ್ಲೇ ಒಂದು ಸಾಲು ಅಚ್ಚು ಹಾಕಿದರೆ ಎಷ್ಟೋ ಮಂದಿಯ ಹಿಂಜರಿಕೆ ತಪ್ಪುತ್ತದೆ. ಹಾಗೆಯೇ ಆರು ವರ್ಷ ಇಲ್ಲೇ ಓದಿದ್ದು ಎಸ್ಸೆಸ್ಸೆಲ್ಸಿ, ಪಿಯುಸಿ ಬೋರ್ಡಿನ ದಾಖಲೆಯಲ್ಲೇ ಇರುತ್ತದೆ. ಅದನ್ನು ಮತ್ತೆ ಮಕ್ಕಳ ಕೈಲಿ ಸಾಬೀತು ಮಾಡಿಸುವ ಅಗತ್ಯ ನನಗೆ ಇಂದಿಗೂ ತಿಳಿದಿಲ್ಲ.

ಎರಡು: ಖಾತೆ. ಇಲ್ಲಿ ನಿಧಾನವಾಗಿ ಓದಿ

ಹಣ ಬರುವುದು ನೀವು ಪಾಸ್‌ಬುಕ್ ತೋರಿಸಿದ ಖಾತೆಗಲ್ಲ. ನಿಮ್ಮ ಆಧಾರ್ ಸಂಖ್ಯೆ ಯಾವ ಬ್ಯಾಂಕಿನ ಕಡೆ ಬೆರಳು ಮಾಡಿದೆಯೋ ಆ ಬ್ಯಾಂಕಿಗೆ. ಈ ಬೆರಳು ಮಾಡುವ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಬಳಿ ಇರುತ್ತದೆ, ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ಕೊನೆಯ ಬಾರಿ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರೋ ಅದೇ ಅಲ್ಲಿ ಉಳಿಯುತ್ತದೆ.

'ನಮ್ಮ ಖಾತೆಗೆ ಆಧಾರ್ ಲಿಂಕ್ ಆಗಿದೆ' ಎನ್ನುತ್ತೀರಿ. ಆಗಿರಬಹುದು, ಆದರೆ ಅದು ಕೆವೈಸಿ. ಗುರುತಿನ ಚೀಟಿಯಾಗಿ ಆಧಾರ್ ಕೊಟ್ಟದ್ದು ಬೇರೆ, ಸರ್ಕಾರದ ಹಣ ಇಲ್ಲಿಗೇ ಬರಲಿ ಎಂದು ಸೀಡಿಂಗ್ ಮಾಡಿಸುವುದು ಬೇರೆ. ಕೌಂಟರಿನಲ್ಲಿ 'ಲಿಂಕ್ ಮಾಡಿಕೊಡಿ' ಎಂದರೆ 'ಆಗಿದೆ, ಹೋಗಿ' ಎಂಬ ಉತ್ತರ ಬರುತ್ತದೆ. 'ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಬೇಕು, ಒಪ್ಪಿಗೆ ಫಾರಂ ಕೊಡಿ' ಎಂದು ಇದೇ ಮಾತಿನಲ್ಲಿ ಕೇಳಿ. ಡಿಬಿಟಿ ಎಂದರೆ ಸರ್ಕಾರದ ಹಣ ನೇರ ಖಾತೆಗೆ ಬರುವುದು. ತುಂಬಿಸಿದ ಮೇಲೆ ಜೆರಾಕ್ಸ್ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಅದಕ್ಕೂ ಮೊದಲು ಈಗ ಯಾವ ಬ್ಯಾಂಕ್ ಇದೆ ನೋಡಿ. ಮೈ ಆಧಾರ್ ಜಾಲತಾಣಕ್ಕೆ ಓಟಿಪಿ ಹಾಕಿ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಎಂದಿರುತ್ತದೆ. ಬ್ಯಾಂಕಿನ ಹೆಸರು, ಸೀಡಿಂಗ್ ಸಕ್ರಿಯವೋ ಅಲ್ಲವೋ ಎರಡೂ ಅಲ್ಲಿ ಕಾಣುತ್ತವೆ. ನನ್ನ ಶಿಷ್ಯನೊಬ್ಬನಿಗೆ ಅಲ್ಲಿ ಕಂಡದ್ದು ಪ್ರೌಢಶಾಲೆಯಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆಂದು ತೆರೆದಿದ್ದ ಖಾತೆಯ ಬ್ಯಾಂಕು. ಆ ಪಾಸ್‌ಬುಕ್ ಅವರಮ್ಮನ ಟ್ರಂಕಿನಲ್ಲಿ ಮದುವೆ ಆಲ್ಬಂ ಕೆಳಗಿತ್ತು. ಎರಡು ವರ್ಷಕ್ಕಿಂತ ಹೆಚ್ಚು ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಅವನದೂ ಆಗಿತ್ತು.

ಓಟಿಪಿ ವಿಷಯ ಬಂತು. ಆಧಾರ್‌ಗೆ ಜೋಡಿಸಿದ ನಂಬರು ಸಾಮಾನ್ಯವಾಗಿ ಅಪ್ಪನದು, ಅಪ್ಪ ತೋಟದಲ್ಲಿ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಹೊಸನಗರದ ಕಡೆ ಅಪ್ಪನ ಫೋನನ್ನೇ ಗುಡ್ಡಕ್ಕೆ ಹೊತ್ತುಕೊಂಡು ಹೋಗಿ ಓಟಿಪಿ ಹಿಡಿಯುವವರಿದ್ದಾರೆ. ಇದರ ಬದಲು ಒಂದು ದಿನ ವ್ಯಯಿಸಿ ಆಧಾರ್‌ಗೆ ನಿಮ್ಮದೇ ನಂಬರು ಹಾಕಿಸಿ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮನ್ ಕೈಲೇ ಇದು ಆಗುತ್ತದೆ. ಆ ಬ್ಯಾಂಕಿನಲ್ಲೇ ಖಾತೆ ತೆರೆದು ಸೀಡಿಂಗ್ ಮಾಡಿಸಿದರೆ ಮನೆ ಬಾಗಿಲಲ್ಲೇ ಕೆಲಸ ಮುಗಿಯಿತು. ನನ್ನ ಮೊದಲ ಆಯ್ಕೆ ಯಾವಾಗಲೂ ಇದೇ. ಸೊಸೈಟಿ ಪಾಸ್‌ಬುಕ್ ಹಿಡಿದು ಬರಬೇಡಿ, ಅದು ಬ್ಯಾಂಕ್ ಅಲ್ಲ. ಹೆಬ್ಬೆರಳು ಒಪ್ಪದಿದ್ದರೆ ಬೇರೆ ಬೆರಳು ಇಡಿ. ಸುಲಿತದ ಕೆಲಸದ ನಡುವೆ ಹೋಗುವುದಂತೂ ಬೇಡವೇ ಬೇಡ.

ಸೀಡಿಂಗ್ ಮಾಡಿಸಿ ಕೆಲವು ದಿನ ಬಿಟ್ಟು ಮತ್ತೆ ಅದೇ ಜಾಲತಾಣದಲ್ಲಿ ನೋಡಿ. ಹೊಸ ಬ್ಯಾಂಕಿನ ಹೆಸರು ಕಾಣುವ ತನಕ ಅರ್ಜಿಯ ಸುದ್ದಿ ಎತ್ತಬೇಡಿ.

ಮೂರು: ಹೆಸರು, ಅಂಕಪಟ್ಟಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಅಂಕಪಟ್ಟಿ, ಆಧಾರ್, ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ತಿದ್ದಿಸುವುದಾದರೆ ಆಧಾರ್ ತಿದ್ದಿಸಿ. ಅಂಕಪಟ್ಟಿ ತಿದ್ದಿಸಲು ಹೊರಟರೆ ಎರಡು ವರ್ಷದ ಭತ್ಯೆಯ ಅವಧಿ ಅಲ್ಲೇ ಮುಗಿದೀತು. ಪದವಿಯ ವಿವರವನ್ನು ರಾಷ್ಟ್ರೀಯ ಶೈಕ್ಷಣಿಕ ಡಿಪಾಸಿಟರಿಗೆ, ಅಂದರೆ ಅಂಕಪಟ್ಟಿ, ಪದವಿ ಪತ್ರಗಳ ಆನ್‌ಲೈನ್ ಭಂಡಾರಕ್ಕೆ, ನಿಮ್ಮ ವಿಶ್ವವಿದ್ಯಾಲಯ ಏರಿಸಿರಬೇಕು. ಡಿಜಿಲಾಕರ್‌ನಲ್ಲಿ ಕಾಣದಿದ್ದರೆ ಕಾಲೇಜಿನ ಕಚೇರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿಗೆ ಯಾರೂ ಕದಲುವುದಿಲ್ಲ. ಅಂದ ಹಾಗೆ, ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ: ದುಡ್ಡು ದಂಡ, ಸ್ಕ್ಯಾನ್ ಮಾಡಿದರೆ ಬೆಳಕು ಹೊಡೆಯುತ್ತದೆ.

ನಾಲ್ಕು: ಅರ್ಜಿ

ರಾಜ್ಯ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ತುಂಬಿ. ಅರ್ಜಿಗೆ ಸರ್ಕಾರದ ಶುಲ್ಕ ಇಲ್ಲ. ಸೈಬರ್ ಅಂಗಡಿಯವರ ಮೊಬೈಲ್ ನಂಬರು ಮಾತ್ರ ಹಾಕಿಸಬೇಡಿ. ವಾಟ್ಸ್ಯಾಪ್‌ನಲ್ಲಿ ಬರುವ 'ಯುವನಿಧಿ ಡೈರೆಕ್ಟ್ ಲಿಂಕ್' ಒತ್ತಲೂಬೇಡಿ.

ಐದು: ಅರ್ಜಿಯ ಆಮೇಲೆ

'ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಿಲ್ಲ' ಎಂದು ಸ್ವಯಂಘೋಷಣೆ ಕೊಡುತ್ತಿರಬೇಕು. ಯೋಜನೆ ಶುರುವಾದಾಗ ಇದು ಪ್ರತಿ ತಿಂಗಳು 25ರೊಳಗೆ ಆಗಬೇಕಿತ್ತು. ಈಗ ನಿಮ್ಮ ಗಡುವು ಯಾವುದೆಂದು ಪೋರ್ಟಲ್‌ನಲ್ಲೇ ನೋಡಿ ಕ್ಯಾಲೆಂಡರಿಗೆ ಕೆಂಪು ಶಾಯಿಯಲ್ಲಿ ಬರೆದಿಡಿ. ಕೊಯ್ಲಿನ ಗಡಿಬಿಡಿಯಲ್ಲಿ, ಮಳೆಗಾಲದ ಕರೆಂಟಿಲ್ಲದ ವಾರದಲ್ಲಿ ಮರೆತವರೇ ಹೆಚ್ಚು. ಕೊನೆಯ ದಿನಕ್ಕೆ ಬಿಡದೆ ಸಂತೆಗೆ ಪೇಟೆಗೆ ಹೋದ ದಿನ, ನೆಟ್‌ವರ್ಕ್ ಸಿಗುವಾಗಲೇ ಮುಗಿಸಿಬಿಡಿ. ಕೆಲಸ ಸಿಕ್ಕಿದರೆ ಅದನ್ನೂ ಅಲ್ಲೇ ತಿಳಿಸಿ.