ನೆನಪಿನ ಸಾಧಕರನ್ನು ಮುಂದಿಟ್ಟು ಇಂಗ್ಲಿಷ್ ಕಾಲಗಳನ್ನು ಕಲಿಸುವುದು ಹೇಗೆ?

ಬಸವನಗುಡಿಯ ನನ್ನ ಮನೆಪಾಠಕ್ಕೆ ಬರುವ ಮಕ್ಕಳು ಹನ್ನೆರಡು ಕಾಲಗಳ ಹೆಸರನ್ನು ತಡವರಿಸದೆ ಒಪ್ಪಿಸುತ್ತಾರೆ. ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರೆ ಮಾತ್ರ ‘ಐ ಹ್ಯಾವ್ ಗಾನ್ ಯೆಸ್ಟರ್‌ಡೇ’ ಎನ್ನುತ್ತಾರೆ. ಆದ್ದರಿಂದ ಗೋಡೆಗೆ ತೂಗುಹಾಕುವ ಕಾಲಗಳ ಚಾರ್ಟನ್ನು ದಯವಿಟ್ಟು ಕೊಳ್ಳಬೇಡಿ. ಒಂದೇ ವಿಷಯವನ್ನು ಹಿಡಿದು ಎಲ್ಲ ಕಾಲಗಳನ್ನೂ ಕಲಿಸಿ. ಅಸಾಧಾರಣ ನೆನಪಿನ ಶಕ್ತಿ ಅದಕ್ಕೆ ಹೇಳಿ ಮಾಡಿಸಿದ ವಿಷಯ.

ಮೊದಲು ವರ್ತಮಾನಕಾಲ. ತಟ್ಟೆಯಲ್ಲಿ ಹತ್ತು ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ ಮುಚ್ಚಿ, ‘ಐ ರಿಮೆಂಬರ್’ ಎಂದು ಆರಂಭಿಸಿ ಹೇಳಿಸಿ. ‘ಐ ಆ್ಯಮ್ ರಿಮೆಂಬರಿಂಗ್’ ಎಂದರೆ ಅಲ್ಲೇ ತಿದ್ದಿ.

ಎರಡನೆಯದು ಸಿಂಪಲ್ ಪಾಸ್ಟ್. ಮಂಗಳೂರಿನಲ್ಲಿ 1981ರ ಜುಲೈ 5ರಂದು ರಾಜನ್ ಮಹಾದೇವನ್ ಅವರು ಅಂಕಿಗಳಿಗೆ ಕೊನೆಯೇ ಇಲ್ಲದ ಪೈ ಸಂಖ್ಯೆಯ 31,811 ಅಂಕಿಗಳನ್ನು ನೆನಪಿನಿಂದ ಒಪ್ಪಿಸಿ ವಿಶ್ವದಾಖಲೆ ಮಾಡಿದ ಕಥೆಯನ್ನು ಹೇಳಿ, ಮಕ್ಕಳಿಂದ ಐದು ವಾಕ್ಯ ಬರೆಸಿದರೆ ಸಾಕು.

ಮೂರನೆಯದಾದ ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿಯೇ ಎಲ್ಲರೂ ಎಡವುವುದು, ಮತ್ತು ಎಡವಿಸುವುದು ನಮ್ಮ ಕನ್ನಡವೇ. ‘ರಾಜನ್ 1981ರಲ್ಲಿ ಒಪ್ಪಿಸಿದ್ದಾರೆ’ ಎಂಬುದು ಶುದ್ಧ ಕನ್ನಡ. ಅದನ್ನೇ ‘ಹ್ಯಾಸ್ ರಿಸೈಟೆಡ್ ಇನ್ 1981’ ಎಂದರೆ ತಪ್ಪು ಇಂಗ್ಲಿಷ್, ಏಕೆಂದರೆ ಮುಗಿದುಹೋದ ಕಾಲವನ್ನು ಹೆಸರಿಸಿದ ವಾಕ್ಯದೊಳಕ್ಕೆ ಇಂಗ್ಲಿಷು ‘ಹ್ಯಾಸ್’ ಅನ್ನು ಬಿಟ್ಟುಕೊಳ್ಳುವುದಿಲ್ಲ. ‘ಇದ್ದಾರೆ ಎಂದು ಬಂದಲ್ಲೆಲ್ಲ ಹ್ಯಾಸ್ ಹಾಕು’ ಎಂಬ ಟ್ಯೂಷನ್ ಸೂತ್ರವನ್ನು ನಾನು ಕಟ್ಟುನಿಟ್ಟಾಗಿ ವಿರೋಧಿಸುತ್ತೇನೆ. ತಪ್ಪಿನ ಬೇರು ಅಲ್ಲಿಯೇ ಇದೆ. ಬದಲಿಗೆ ಹೀಗೆ ಮಾಡಿ. ಹಲವರ ಸವಾಲುಗಳಿಗೆ ಒಟ್ಟಿಗೆ ಉತ್ತರಿಸುವ ಅವಧಾನ ಕಲೆಯಲ್ಲಿ, ಪ್ರಶ್ನೆ ಕೇಳುವ ಪೃಚ್ಛಕರು (ಅಷ್ಟಾವಧಾನದಲ್ಲಿ ಎಂಟು ಮಂದಿ, ಶತಾವಧಾನದಲ್ಲಿ ನೂರು) ಅಡ್ಡಿಪಡಿಸುತ್ತಿದ್ದರೂ ಪದ್ಯದ ಸಾಲುಗಳನ್ನು ಮನಸ್ಸಿನಲ್ಲೇ ಧರಿಸಿಟ್ಟುಕೊಳ್ಳುವ ನಮ್ಮೂರಿನ ಶತಾವಧಾನಿ ಆರ್. ಗಣೇಶ್ ಅವರ ಬಗ್ಗೆ, ‘ಗಣೇಶ್ ಪರ್ಫಾರ್ಮ್ಡ್ ಎ ಶತಾವಧಾನ ಇನ್ 2012’ ಎಂದು ಹಲಗೆಯ ಮೇಲೆ ಬರೆಯಿರಿ. ಈಗ ಇಸವಿಯನ್ನು ಅಂಗೈಯಿಂದ ಮುಚ್ಚಿ, ಇಲ್ಲಿಯವರೆಗಿನ ಸಾಧನೆ ಏನು ಎಂದು ಕೇಳಿ: ‘ಗಣೇಶ್ ಹ್ಯಾಸ್ ಪರ್ಫಾರ್ಮ್ಡ್ ಮೋರ್ ದ್ಯಾನ್ ಎ ಥೌಸಂಡ್ ಅಷ್ಟಾವಧಾನಾಸ್’. ಕೈ ತೆಗೆದರೆ ‘ಹ್ಯಾಸ್’ ಹೋಗಬೇಕು, ಮುಚ್ಚಿದರೆ ಬರಬೇಕು. ಮಕ್ಕಳ ಕೈಯಿಂದಲೇ ಇಪ್ಪತ್ತು ವಾಕ್ಯಗಳಲ್ಲಿ ಇದನ್ನು ಮಾಡಿಸಿ. ಒಂದು ದಿನಕ್ಕೆ ಮುಗಿಸುವ ಆತುರ ಬೇಡ, ನಾನು ಪೂರ್ತಿ ಒಂದು ವಾರವನ್ನು ಇದಕ್ಕೇ ಕೊಡುತ್ತೇನೆ.

ಪಾಸ್ಟ್ ಪರ್ಫೆಕ್ಟ್‌ಗೆ ಎರಡು ಘಟನೆಗಳು ಬೇಕು. 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೊರಿ 40,000 ಅಂಕಿಗಳನ್ನು ಒಪ್ಪಿಸುವ ಹೊತ್ತಿಗೆ ರಾಜನ್ ‘ಹ್ಯಾಡ್ ಹೆಲ್ಡ್’ ಆ ದಾಖಲೆಯನ್ನು, ಸುಮಾರು ಆರು ವರ್ಷ. ಒಂದೇ ಘಟನೆಯಿದ್ದಾಗ ‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್’ ಎಂದು ಬರೆದರೆ ಆ ‘ಹ್ಯಾಡ್’ ಅನ್ನು ಹೊಡೆದುಹಾಕಿ ‘ವೆಂಟ್’ ಮಾಡಿಸಿ.

ಭವಿಷ್ಯತ್ಕಾಲಕ್ಕೆ ಮತ್ತೆ ತಟ್ಟೆಯನ್ನು ತನ್ನಿ. ನಾಳೆ ಎಷ್ಟು ವಸ್ತುಗಳನ್ನು ನೆನಪಿಟ್ಟುಕೊಳ್ಳುವೆ ಎಂದು ಕೇಳಿ, ‘ಐ ವಿಲ್ ರಿಮೆಂಬರ್’ ಎಂದು ಉತ್ತರ ಬರೆಸಿ.